ಜಿಲಿಯಾಳ ಮದುವೆ

1747ರಲ್ಲಿ ಪ್ಯಾರಿಸಿನಲ್ಲಿ, ಕರ್ತೃವಿನ ಹೆಸರಿಲ್ಲದೆ, 'ಪೆರು ದೇಶದ ಹೆಣ್ಣಿನ ಪತ್ರಗಳು' ಎಂಬ ಸಣ್ಣ ಕಾದಂಬರಿಯೊಂದು ಹೊರಬಿತ್ತು. ಬರೆದಾಕೆ ಮದಾಂ ದ ಗ್ರಾಫಿನ್ಯೀ. ವಯಸ್ಸು ಐವತ್ತೆರಡು. ಹೊಡೆಯುವ ಗಂಡನಿಂದ ಕಾನೂನಿನ ಮೂಲಕ ಬೇರ್ಪಟ್ಟಿದ್ದ, ಹೆತ್ತ ಮೂವರು ಮಕ್ಕಳನ್ನೂ ಎಳೆತನದಲ್ಲೇ ಕಳೆದುಕೊಂಡಿದ್ದ ಹೆಂಗಸು.

ಕಥೆ ಇಷ್ಟು. ಇಂಕಾ ರಾಜಕುಮಾರ ಆಝಾನನ್ನು ವರಿಸಬೇಕಾಗಿದ್ದ ಜಿಲಿಯಾಳನ್ನು ಸ್ಪೇನಿನವರು ಸೂರ್ಯನ ಗುಡಿಯಿಂದ ಹೊತ್ತೊಯ್ಯುತ್ತಾರೆ. ಕಡಲಲ್ಲಿ ಫ್ರೆಂಚರ ಕೈಸೇರಿದ ಆಕೆಯನ್ನು ದೆತೆರ್ವಿಲ್ ಎಂಬ ಸಜ್ಜನ ಫ್ರಾನ್ಸಿಗೆ ಕರೆತಂದು, ಪ್ರೀತಿಸುತ್ತಾನೆ. ಇತ್ತ ಆಝಾ ಸ್ಪೇನಿನಲ್ಲಿ ಬೇರೊಬ್ಬಳಿಗೆ ಒಲಿಯುತ್ತಾನೆ. ಇನ್ನೇನು, ದೆತೆರ್ವಿಲ್‌ಗೆ ಮಾಲೆ ಬೀಳುವುದೆಂದು ಓದುಗರು ಕಾದಿದ್ದರೆ, ಜಿಲಿಯಾ ಒಲ್ಲೆನೆಂದುಬಿಡುತ್ತಾಳೆ! ಸ್ನೇಹ ಸಾಕು, ತನ್ನ ಗುಡಿಯ ಹೊನ್ನಿನಿಂದ ಕೊಂಡ ಮನೆಯಿದೆ, ಪುಸ್ತಕಗಳಿವೆ.

ಈ ಮುಕ್ತಾಯವನ್ನು ಅನೇಕರು ಸಹಿಸಲಿಲ್ಲ. ಬೇರೆಯವರು ಮುಂದಿನ ಭಾಗಗಳನ್ನು ಕಟ್ಟಿದರು. 1774ರಲ್ಲಿ ಇಂಗ್ಲಿಷಿಗೆ ತಂದ ಕುಮಾರಿ ರಾಬರ್ಟ್ಸ್ ತಾನೇ ಕೆಲವು ಪತ್ರಗಳನ್ನು ಸೇರಿಸಿದಳು. ಜಿಲಿಯಾ ಮನಸಾರೆ ಕ್ರೈಸ್ತಳಾಗಬೇಕು, ದೆತೆರ್ವಿಲ್‌ನ ಸದ್ಗುಣಕ್ಕೆ ಫಲ ದೊರೆಯಬೇಕು ಎಂಬುದು ಆಕೆಯ ಇಚ್ಛೆ. ಒಳ್ಳೆಯ ಇಚ್ಛೆಯೇ, ಆದರೆ ಮೂಲ ಲೇಖಕಿಯದಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಪುಸ್ತಕ ಮರೆಗೆ ಸರಿಯಿತು. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ವಿದ್ವಾಂಸರು ಅದನ್ನು ಮತ್ತೆ ಕೈಗೆತ್ತಿಕೊಂಡರು. 1993ರಲ್ಲಿ ಡೇವಿಡ್ ಕಾರ್ನೇಕರ್ ಅವರ ಹೊಸ ಇಂಗ್ಲಿಷ್ ಅನುವಾದ ಬಂತು.

ಜಿಲಿಯಾ ಸ್ವತಃ ಭಾಷಾಂತರಕಾರಳೆಂಬುದು ಸ್ವಾರಸ್ಯ. ಮೊದಲ ಪತ್ರಗಳನ್ನು ಅವಳು ಬರೆದದ್ದಲ್ಲ. ಇಂಕಾ ಪದ್ಧತಿಯಂತೆ ಬಣ್ಣದ ದಾರಗಳಲ್ಲಿ ಗಂಟು ಹಾಕಿದ್ದು. ಫ್ರೆಂಚ್ ಕಲಿತ ಮೇಲೆ ತಾನೇ ಅವನ್ನು ಭಾಷಾಂತರಿಸಿದಳೆಂದು ಮುನ್ನುಡಿ ಹೇಳುತ್ತದೆ. ಹಡಗು ಅವಳಿಗೆ ತೇಲುವ ಮನೆ, ದುರ್ಬೀನು ತೂತುಳ್ಳ ಬೆತ್ತ. ಇವಕ್ಕೆ 'ಹಡಗು', 'ದುರ್ಬೀನು' ಎಂದೇ ಬರೆದು ಓದುಗನಿಗೆ ಉಪಕಾರ ಮಾಡಹೊರಟ ಅನುವಾದಕ ಆ ಹುಡುಗಿಯ ಬೆರಗನ್ನೇ ಕಸಿದುಕೊಳ್ಳುತ್ತಾನೆ.

ಒಂದು ಕಡೆ ಮಾತ್ರ ಕನ್ನಡಕ್ಕೆ ಇಂಗ್ಲಿಷಿಗಿಂತ ಅನುಕೂಲ ಹೆಚ್ಚು. ಜಿಲಿಯಾ ಆಝಾನನ್ನು ಏಕವಚನದಲ್ಲಿ ಕರೆಯುತ್ತಾಳೆ, ದೆತೆರ್ವಿಲ್‌ನನ್ನು ಬಹುವಚನದಲ್ಲಿ. ಇಂದಿನ ಇಂಗ್ಲಿಷಿನಲ್ಲಿ ಎರಡಕ್ಕೂ ಒಂದೇ ಶಬ್ದ. ನಮಗೆ 'ನೀನು', 'ನೀವು' ಸಿದ್ಧವಾಗಿವೆ. ಕೊನೆಯ ಪತ್ರ ದೆತೆರ್ವಿಲ್‌ಗೆ. ಅದರಲ್ಲಿ ಎಷ್ಟೇ ಅಕ್ಕರೆಯಿದ್ದರೂ 'ನೀವು' ಎಂದೇ ಉಳಿಯಬೇಕು. ಮನಸ್ಸು ಕರಗಿ ಅಲ್ಲೊಂದು 'ನೀನು' ಹಾಕಿದರೆ, ಕುಮಾರಿ ರಾಬರ್ಟ್ಸ್ ಮಾಡಿದ ಕೆಲಸವನ್ನೇ ನಾವೂ ಮಾಡಿದಂತಾಗುತ್ತದೆ.