ಜೀವಕೋಶದ ಕಿರಿಯಣುಗಳು: ನೆಲೆಯೂ ಗತಿಯೂ

ಯಕೃತ್ತಿನಲ್ಲಾಗಲಿ, ಸ್ನಾಯುವಿನಲ್ಲಾಗಲಿ, ಗಿಡದ ಎಲೆಯಲ್ಲಾಗಲಿ, ಒಂದೊಂದು ಜೀವಕೋಶದೊಳಗೂ ಅನುಕ್ಷಣವೂ ಹುಟ್ಟಿ, ರೂಪಾಂತರ ಹೊಂದಿ, ವ್ಯಯವಾಗುತ್ತಿರುವ ಸಕ್ಕರೆ, ಅಮೈನೋ ಆಮ್ಲ, ಕೊಬ್ಬಿನಾಮ್ಲ ಮೊದಲಾದ ಕಿರಿಯ ಅಣುಗಳಿಗೆ ಚಯಾಪಚಯ ದ್ರವ್ಯಗಳೆಂದು, ಪ್ರಯೋಗಶಾಲೆಯ ಮಾತಿನಲ್ಲಿ ಮೆಟಬೊಲೈಟುಗಳೆಂದು ಹೆಸರು. ಇವನ್ನು ತೂಗಿ ಗುರುತಿಸುವುದಕ್ಕೆ ಇಂದು ಸರ್ವತ್ರ ಬಳಕೆಯಲ್ಲಿರುವ ಮಾಸ್ ಸ್ಪೆಕ್ಟ್ರೋಮೀಟರ್ ಎಂಬ ಯಂತ್ರವಾದರೋ ಜೀವಶಾಸ್ತ್ರಕ್ಕಾಗಿ ಹುಟ್ಟಿದುದಲ್ಲ. ವಿದ್ಯುದಾವೇಶ ಪಡೆದ ಕಣಗಳು ವಿದ್ಯುತ್ ಮತ್ತು ಕಾಂತ ಕ್ಷೇತ್ರಗಳನ್ನು ಹಾಯುವಾಗ ತಂತಮ್ಮ ದ್ರವ್ಯರಾಶಿಗೆ ಅನುಗುಣವಾಗಿ ಬೇರೆಬೇರೆ ಪ್ರಮಾಣದಲ್ಲಿ ಬಾಗುತ್ತವೆಂಬ ತತ್ತ್ವವನ್ನು ಹಿಡಿದು, ಕೇಂಬ್ರಿಜ್ಜಿನಲ್ಲಿ ಜೆ. ಜೆ. ಥಾಮ್ಸನ್ನರು 1913ರ ಹೊತ್ತಿಗೆ ನಿಯಾನ್ ಅನಿಲದಲ್ಲಿ 20 ಮತ್ತು 22 ಎಂಬ ಎರಡು ತೂಕದ ಪರಮಾಣುಗಳಿರುವುದನ್ನು ಕಂಡರು. ಅವರ ಸಹಾಯಕರಾಗಿದ್ದ ಆಸ್ಟನ್ನರು 1919ರಲ್ಲಿ ಆ ಉಪಕರಣವನ್ನು ಪರಿಷ್ಕರಿಸಿ, 1922ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದರು. ಅಲ್ಲಿಯ ಪರ್ಯಂತ ಇದು ಭೌತವಿಜ್ಞಾನಿಗಳ ಸೊತ್ತು.

ಈ ಯಂತ್ರವನ್ನು ಪ್ರಾಣಿಯ ಅಂಗಾಂಶದತ್ತ ತಿರುಗಿಸಿದ ಶ್ರೇಯಸ್ಸಿನ ಬಹುಪಾಲು, ನನ್ನ ದೃಷ್ಟಿಯಲ್ಲಿ, ರುಡಾಲ್ಫ್ ಶೋಯೆನ್‌ಹೈಮರ್ ಅವರಿಗೆ ಸಲ್ಲತಕ್ಕದ್ದು. 1933ರಲ್ಲಿ ನಾತ್ಸಿಗಳು ಅಧಿಕಾರವನ್ನು ಹಿಡಿದಾಗ ಜರ್ಮನಿಯ ಫ್ರೈಬುರ್ಗ್ ನಗರವನ್ನು ತ್ಯಜಿಸಿ ನ್ಯೂಯಾರ್ಕಿನ ಕೊಲಂಬಿಯ ವಿಶ್ವವಿದ್ಯಾನಿಲಯವನ್ನು ಸೇರಿದ ಅವರಿಗೆ, ಅಲ್ಲಿಯೇ 1931ರಲ್ಲಿ ಭಾರಜಲಜನಕವನ್ನು ಕಂಡುಹಿಡಿದಿದ್ದ ಹೆರಾಲ್ಡ್ ಯೂರಿಯವರ ಶಿಷ್ಯ ಡೇವಿಡ್ ರಿಟೆನ್‌ಬರ್ಗ್ ಸಹೋದ್ಯೋಗಿಯಾಗಿ ದೊರೆತರು. ಬೆಳೆದ ಪ್ರಾಣಿಯ ದೇಹವು ಸಿದ್ಧವಾಗಿ ನಿಂತ ಯಂತ್ರದಂತೆ, ಆಹಾರವು ಅದರಲ್ಲಿ ಉರಿದುಹೋಗುವ ಇಂಧನದಂತೆ, ಇವೆರಡರ ದ್ರವ್ಯವೂ ಬಹುಮಟ್ಟಿಗೆ ಬೆರೆಯುವುದೇ ಇಲ್ಲ ಎಂಬುದು ಅಂದಿನ ವಿದ್ವಾಂಸರ ಸಾಮಾನ್ಯ ನಂಬಿಕೆ. ಶೋಯೆನ್‌ಹೈಮರ್ ಮತ್ತು ಅವರ ಸಂಗಡಿಗರು, ಸಾಮಾನ್ಯ ಸಾರಜನಕಕ್ಕೆ ಬದಲಾಗಿ 15 ತೂಕದ ಭಾರಸಾರಜನಕವುಳ್ಳ ಲ್ಯೂಸಿನ್ ಎಂಬ ಅಮೈನೋ ಆಮ್ಲವನ್ನು, ತೂಕದಲ್ಲಿ ಏರುಪೇರಿಲ್ಲದ ವಯಸ್ಕ ಇಲಿಗಳಿಗೆ ತಿನ್ನಿಸಿ, ಆ ಗುರುತಿನ ಪರಮಾಣುಗಳು ಎಲ್ಲಿ ಹೋದುವೆಂದು ಮಾಸ್ ಸ್ಪೆಕ್ಟ್ರೋಮೀಟರಿನಿಂದ ಅಳೆದರು. ಹಳೆಯ ನಂಬಿಕೆ ನಿಜವಾಗಿದ್ದರೆ ಅವು ಬೇಗನೆ ಮೂತ್ರದಲ್ಲಿ ಹೊರಬೀಳಬೇಕಾಗಿತ್ತು. ಆದರೆ ಅರ್ಧಕ್ಕೂ ಮಿಕ್ಕ ಭಾಗ ಇಲಿಯ ದೇಹದ ಪ್ರೋಟೀನುಗಳಲ್ಲಿಯೇ ಸೇರಿಕೊಂಡಿತ್ತು. ಹೊರಗೆ ನಿಶ್ಚಲವಾಗಿ ತೋರುವ ದೇಹದಲ್ಲಿ ಒಳಗೆಲ್ಲ ನಿರಂತರವಾದ ಕಟ್ಟುವಿಕೆ ಮತ್ತು ಕೆಡಹುವಿಕೆ ನಡೆದಿದೆ ಎಂಬ ಈ ದರ್ಶನವನ್ನು ಪ್ರತಿಪಾದಿಸುವ ಅವರ ಗ್ರಂಥವು, 1941ರಲ್ಲಿ ಅವರು ತೀರಿಕೊಂಡ ಮರುವರ್ಷ ಪ್ರಕಟವಾಯಿತು. ಒಂದು ದ್ರವ್ಯ ಎಷ್ಟಿದೆ ಎಂಬುದರಿಂದ ಅದು ಎಷ್ಟು ವೇಗವಾಗಿ ಬಂದು ಹೋಗುತ್ತಿದೆ ಎಂಬುದನ್ನು ತಿಳಿಯಲಾಗದು: ಈ ಶಾಸ್ತ್ರದಲ್ಲಿ ಇದಕ್ಕಿಂತ ಮುಖ್ಯವಾದ ಮಾತನ್ನು ನಾನು ಕಾಣೆ.

ಹೀಗಿದ್ದರೂ ಮುಂದಿನ ಹಲವು ದಶಕಗಳು ಗತಿಯನ್ನು ಅರಸಿದುದಕ್ಕಿಂತ ಹೆಸರುಗಳನ್ನು ಕೂಡಿಸಿದುದೇ ಹೆಚ್ಚು. ಅದಕ್ಕೆ ಕಾರಣವೂ ಇತ್ತು. ಅಂಗಾಂಶದ ರಸವೆಂದರೆ ಸಾವಿರಾರು ದ್ರವ್ಯಗಳ ಮಿಶ್ರಣ. ಅದನ್ನು ಇಡಿಯಾಗಿ ಯಂತ್ರಕ್ಕೆ ಹೊಗಿಸಿದರೆ ಯಾವ ಗುರುತು ಯಾವುದರದೆಂದು ತಿಳಿಯದು. 1950ರ ದಶಕದ ನಡುವಿನಲ್ಲಿ ಅಮೆರಿಕದ ಡೌ ಸಂಸ್ಥೆಯ ಗೋಲ್ಕೆ ಮತ್ತು ಮ್ಯಾಕ್‌ಲಾಫರ್ಟಿ, ಆವಿಯ ರೂಪದ ಮಿಶ್ರಣವನ್ನು ಬೇರ್ಪಡಿಸುವ ಗ್ಯಾಸ್ ಕ್ರೊಮಟೋಗ್ರಫಿಯನ್ನು ಮಾಸ್ ಸ್ಪೆಕ್ಟ್ರೋಮೀಟರಿಗೆ ಜೋಡಿಸಿದ ಮೇಲೆ, ದ್ರವ್ಯಗಳು ಒಂದರ ಹಿಂದೊಂದು ಸಾಲಾಗಿ ಬಂದು ತಮ್ಮ ತೂಕವನ್ನು ಒಪ್ಪಿಸುವಂತಾಯಿತು. ಆ ಕಾಲದ ಒಂದು ಪ್ರಸಂಗವನ್ನು ಇಲ್ಲಿ ಹೇಳಲೇಬೇಕು. ಮತ್ತೆ ಮತ್ತೆ ವಾಂತಿಯಾಗಿ, ರಕ್ತದಲ್ಲಿ ಆಮ್ಲತೆ ಏರಿ, ಮೈಯಿಂದ ಬೆವೆತ ಪಾದಗಳ ವಾಸನೆ ಹೊಮ್ಮುತ್ತಿದ್ದ ಇಬ್ಬರು ಒಡಹುಟ್ಟಿದ ಮಕ್ಕಳ ರಕ್ತವನ್ನು ಕೇ ತನಾಕ ಮತ್ತು ಅವರ ಸಹಚರರು ಈ ಜೋಡಿಯಂತ್ರದಲ್ಲಿ ಪರೀಕ್ಷಿಸಿದಾಗ, ಐಸೋವ್ಯಾಲೆರಿಕ್ ಆಮ್ಲವು ಅಲ್ಲಿ ಶೇಖರವಾಗಿರುವುದು ಕಂಡುಬಂದಿತು. ಆಹಾರದ ಲ್ಯೂಸಿನನ್ನು ಒಡೆಯುವ ದಾರಿಯಲ್ಲಿ ಒಂದು ಕಿಣ್ವ ಕೆಲಸಮಾಡದೆ, ಅದರ ಮೇಲಣ ದ್ರವ್ಯ ಮುಂದೆ ಸಾಗಲಾರದೆ ತುಂಬಿಕೊಂಡಿತ್ತು. 1966ರಲ್ಲಿ ವರದಿಯಾದ ಈ ಶೋಧವು, ತಾಯಂದಿರ ಮೂಗಿಗೆ ಮಾತ್ರ ಗೊತ್ತಿದ್ದ ಒಂದು ಲಕ್ಷಣಕ್ಕೆ ರಾಸಾಯನಿಕ ಕಾರಣವನ್ನು ಕೊಟ್ಟಿತು. 1990ರ ಸುಮಾರಿನಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾನಿಲಯದ ಮಿಲಿಂಗ್ಟನ್ ಮೊದಲಾದವರು ಇದೇ ದಾರಿಯನ್ನು ಮುಂದುವರಿಸಿದುದರ ಫಲವಾಗಿ, ಇಂದು ಹಸುಗೂಸಿನ ಹಿಮ್ಮಡಿಯಿಂದ ತೆಗೆದು ಸೋಸುಕಾಗದದ ಮೇಲೆ ಒಣಗಿಸಿದ ಕೆಲವೇ ಹನಿ ರಕ್ತದಲ್ಲಿ, ಇಂಥ ಹತ್ತಾರು ಜನ್ಮದೋಷಗಳನ್ನು ಕೆಲವು ನಿಮಿಷಗಳೊಳಗೆ ಪತ್ತೆ ಹಚ್ಚಬಹುದಾಗಿದೆ. ಈ ವಿದ್ಯೆಯಿಂದ ಜನಕ್ಕೆ ಆಗಿರುವ ಉಪಕಾರಗಳಲ್ಲಿ ಇದೇ ಹಿರಿದು.

ಆವಿಯಾಗದ ದ್ರವ್ಯಗಳ ಸಮಸ್ಯೆಯನ್ನು ಜಾನ್ ಫೆನ್ನರು 1980ರ ದಶಕದಲ್ಲಿ ಬಿಡಿಸಿದರು. ಸೂಜಿಯ ತುದಿಯಿಂದ ಅಧಿಕ ವಿದ್ಯುತ್ ಒತ್ತಡದಲ್ಲಿ ದ್ರವವನ್ನು ಚಿಮ್ಮಿಸಿ, ಅಣುಗಳನ್ನು ಒಡೆಯದೆಯೇ ಅಯಾನುಗಳನ್ನಾಗಿಸುವ ಅವರ ವಿಧಾನಕ್ಕೆ 2002ರ ನೊಬೆಲ್ ಪಾರಿತೋಷಕದ ಪಾಲು ಸಂದಿತು. ಅನಂತರ ಹೆಸರುಗಳ ಸುಗ್ಗಿ. 2000ದಲ್ಲಿ ಜರ್ಮನಿಯ ಓಲಿವರ್ ಫೀನ್ ಮತ್ತು ಸಂಗಡಿಗರು, ಸಾಸಿವೆಯ ಬಂಧುವಾದ ಅರಾಬಿಡಾಪ್ಸಿಸ್ ಗಿಡದ ಎಲೆಯಲ್ಲಿ 326 ದ್ರವ್ಯಗಳನ್ನು ಒಮ್ಮೆಗೇ ಅಳೆದು, ಸುಮಾರು ಅರ್ಧದಷ್ಟಕ್ಕೆ ರಚನೆಯನ್ನು ಸೂಚಿಸಬಲ್ಲವರಾದರು. 2007ರಲ್ಲಿ ಕೆನಡದಲ್ಲಿ ಆರಂಭವಾದ ಮಾನವ ಮೆಟಬೊಲೈಟುಗಳ ದತ್ತಕೋಶವು ಕೆಲವೇ ಸಾವಿರ ನಮೂದುಗಳಿಂದ ಹೊರಟು, 2022ರ ಆವೃತ್ತಿಯಲ್ಲಿ ಎರಡು ಲಕ್ಷವನ್ನು ಮೀರಿತು. ಆದರೆ ಇವುಗಳಲ್ಲಿ ಬಹುಪಾಲು ದೇಹದಲ್ಲಿ ಇರಬಹುದೆಂದು ಊಹಿಸಿದವೇ ಹೊರತು, ಅಳತೆಯಲ್ಲಿ ಕಂಡವಲ್ಲ. ತೂಕವೊಂದೇ ಹೆಸರನ್ನು ನಿಶ್ಚಯಿಸಲಾರದೆಂಬುದನ್ನೂ ಮರೆಯಲಾಗದು. ಗ್ಲೂಕೋಸ್, ಫ್ರಕ್ಟೋಸ್, ಗ್ಯಾಲಕ್ಟೋಸ್ ಮೂರೂ 180.063 ತೂಗುತ್ತವೆ.

ಅಲ್ಲದೆ, ಅಳೆಯುವ ಮೊದಲೇ ಕೆಡುವ ಭಯ ಬೇರೆ. ಅಂಗಾಂಶವನ್ನು ದೇಹದಿಂದ ಬೇರ್ಪಡಿಸಿದೊಡನೆ ರಕ್ತಪ್ರವಾಹ ನಿಂತು, ಆಮ್ಲಜನಕ ಮುಗಿದು, ಕಿಣ್ವಗಳು ಮಾತ್ರ ದುಡಿಯುತ್ತಲೇ ಇರುತ್ತವೆ. ಕೋಶದ ಶಕ್ತಿವಾಹಕವಾದ ಎಟಿಪಿಯಂಥ ಅಣು ಸೆಕೆಂಡುಗಳಲ್ಲಿ ಬದಲಾಗುತ್ತದೆ. ಆದುದರಿಂದ ತುಣುಕನ್ನು ದ್ರವ ಸಾರಜನಕದಿಂದ ತಣಿಸಿದ ಲೋಹದ ಇಕ್ಕುಳದ ನಡುವೆ ಅಪ್ಪಳಿಸಿ ಹಿಡಿದು, ಕ್ಷಣಾರ್ಧದಲ್ಲಿ ಹೆಪ್ಪುಗಟ್ಟಿಸಿ, ಅದು ಕರಗದಂತೆಯೇ ಪುಡಿಮಾಡಿ, ಶೀತಲ ಮೆಥನಾಲಿನಲ್ಲಿ ಕಲಸುತ್ತಾರೆ. ಈ ಕೈಗೆಲಸದಲ್ಲಿ ತಪ್ಪಾದರೆ, ಎಷ್ಟು ಬೆಲೆಬಾಳುವ ಯಂತ್ರವೂ ಸತ್ತ ಅಂಗಾಂಶದ ಕಥೆಯನ್ನೇ ಹೇಳೀತು.

ಹೆಸರುಗಳ ಪಟ್ಟಿಯೂ ಕೆಲವೊಮ್ಮೆ ಮಹತ್ತಾದ ಸತ್ಯವನ್ನು ತೋರಿಸಿಕೊಟ್ಟಿದೆಯೆಂದು ಒಪ್ಪದಿರುವುದು ಅನ್ಯಾಯ. ಮಿದುಳಿನ ಕೆಲವು ಗಂತಿಗಳಲ್ಲಿ ಐಡಿಎಚ್1 ಎಂಬ ಜೀನು ಬದಲಾಗಿರುವುದು 2008ರಲ್ಲಿ ಗೊತ್ತಾಗಿತ್ತು; ಬದಲಾದ ಕಿಣ್ವ ಮಾಡುವುದೇನೆಂಬುದು ಮಾತ್ರ ಒಗಟಾಗಿತ್ತು. 2009ರಲ್ಲಿ, ಕೋಶಗಳ ರಸವನ್ನು ಯಂತ್ರಕ್ಕೆ ಕೊಟ್ಟು ಯಾವ ದ್ರವ್ಯ ಹೆಚ್ಚಿದೆಯೆಂದು ಹುಡುಕಿದ ಸಂಶೋಧಕರಿಗೆ, ಸಾಮಾನ್ಯವಾಗಿ ಅತ್ಯಲ್ಪವಾಗಿರತಕ್ಕ 2-ಹೈಡ್ರಾಕ್ಸಿಗ್ಲುಟರೇಟ್ ರಾಶಿಯಾಗಿ ಸಿಕ್ಕಿತು. ಕಿಣ್ವವು ತನ್ನ ಕೆಲಸವನ್ನು ಕಳೆದುಕೊಂಡಿದ್ದುದಷ್ಟೇ ಅಲ್ಲ, ಹೊಸದೊಂದು ದ್ರವ್ಯವನ್ನು ತಯಾರಿಸಲು ಕಲಿತಿತ್ತು. ಇದೇ ಬಗೆಯ ದೋಷವುಳ್ಳ ಒಂದು ರಕ್ತಕ್ಯಾನ್ಸರಿಗೆ, ಅಂಥ ಬದಲಾದ ಕಿಣ್ವಗಳನ್ನು ತಡೆಯುವ ಔಷಧಗಳು 2017 ಮತ್ತು 2018ರಲ್ಲಿ ಅಮೆರಿಕದಲ್ಲಿ ಮಾನ್ಯತೆ ಪಡೆದುವು.

ಇಷ್ಟಾದರೂ ಅಂಗಾಂಶವನ್ನು ಪುಡಿಮಾಡಿ ಅಳೆಯುವುದೆಂದರೆ, ರುಬ್ಬಿದ ಚಟ್ನಿಯಲ್ಲಿ ಕಾಯಿ ಯಾವ ಮೂಲೆಯಲ್ಲಿತ್ತೆಂದು ಕೇಳಿದಂತೆ, ನೆಲೆ ಅಳಿಸಿಹೋಗಿರುತ್ತದೆ. 1997ರಲ್ಲಿ ಅಮೆರಿಕದ ಹ್ಯೂಸ್ಟನ್ನಿನ ಕ್ಯಾಪ್ರಿಯೋಲಿ ಅವರು ತೋರಿಸಿದ ಚಿತ್ರಣ ವಿಧಾನವು ಈ ಕೊರತೆಯನ್ನು ನೀಗಲು ಹೊರಟಿತು. ಹೆಪ್ಪುಗಟ್ಟಿದ ಅಂಗಾಂಶದಿಂದ ಮಿಲಿಮೀಟರಿನ ನೂರನೆಯ ಒಂದು ಭಾಗದಷ್ಟು ತೆಳುವಾದ ಪದರವನ್ನು ಸೀಳಿ, ಗಾಜಿನ ಮೇಲಿಟ್ಟು, ಲೇಸರ್ ಬೆಳಕನ್ನು ಹೀರುವ ಪುಡಿಯನ್ನು ಅದರ ಮೇಲೆ ಸಿಂಪಡಿಸಿ, ಬಿಂದುವಿನಿಂದ ಬಿಂದುವಿಗೆ ಲೇಸರನ್ನು ಸರಿಸುತ್ತ ಹೋದರೆ, ಪ್ರತಿ ಬಿಂದುವಿನ ಅಣುಗಳೂ ಹಾರಿಬಂದು ಯಂತ್ರವನ್ನು ಸೇರಿ, ಕೊನೆಗೆ ಒಂದೊಂದು ದ್ರವ್ಯಕ್ಕೂ ಒಂದೊಂದು ನಕ್ಷೆ ಸಿದ್ಧವಾಗುತ್ತದೆ. 2004ರಲ್ಲಿ ಪರ್ಡ್ಯೂ ವಿಶ್ವವಿದ್ಯಾನಿಲಯದ ಗ್ರಹಾಂ ಕುಕ್ಸ್ ಅವರ ತಂಡ, ವಿದ್ಯುದಾವೇಶದ ತುಂತುರನ್ನು ಚಿಮ್ಮಿಸಿ ಪುಡಿಯ ಹಂಗಿಲ್ಲದೆ ಅಣುಗಳನ್ನು ಮೇಲ್ಮೈಯಿಂದ ಹಾರಿಸುವ ವಿಧಾನವನ್ನು ತೋರಿಸಿತು. 2014ರ ವರದಿಯೊಂದರಲ್ಲಿ ಇದೇ ವಿಧಾನದಿಂದ, ಮಿದುಳಿನ ಶಸ್ತ್ರಕ್ರಿಯೆ ನಡೆದಿರುವಾಗಲೇ ಗಂತಿಯ ತುಣುಕಿನಲ್ಲಿ ಮೇಲೆ ಹೇಳಿದ ಹೈಡ್ರಾಕ್ಸಿಗ್ಲುಟರೇಟನ್ನು ನಿಮಿಷಗಳಲ್ಲಿ ಗುರುತಿಸಿದ್ದು ಕಾಣುತ್ತದೆ. ಒಂಟಿ ಕೋಶವನ್ನು ಅಳೆಯುವುದು ಇನ್ನೂ ಕಷ್ಟ. ಡಿಎನ್ಎಯನ್ನಾದರೆ ನಕಲುಮಾಡಿ ಬೇಕಾದಷ್ಟು ವೃದ್ಧಿಗೊಳಿಸಬಹುದು. ಮೆಟಬೊಲೈಟಿಗೆ ಅಂಥ ಉಪಾಯವಿಲ್ಲ, ಇದ್ದಷ್ಟನ್ನೇ ಅಳೆಯಬೇಕು.

ಗತಿಯ ಪ್ರಶ್ನೆಯೂ ಈಗ ಮರಳಿದೆ. ಡಲಾಸಿನ ಡಿಬೆರಾರ್ಡಿನಿಸ್ ಮತ್ತು ಸಂಗಡಿಗರು, ಶ್ವಾಸಕೋಶದ ಕ್ಯಾನ್ಸರಿನ ರೋಗಿಗಳಿಗೆ ಶಸ್ತ್ರಕ್ರಿಯೆಯ ಹೊತ್ತಿನಲ್ಲಿ 13 ತೂಕದ ಇಂಗಾಲವುಳ್ಳ ಗ್ಲೂಕೋಸನ್ನು ರಕ್ತನಾಳಕ್ಕೆ ಹರಿಸಿ, ತೆಗೆದ ಗಂತಿಯಲ್ಲಿ ಆ ಇಂಗಾಲದ ಜಾಡನ್ನು ಹಿಡಿದರು. ಗಂತಿಯು ಗ್ಲೂಕೋಸನ್ನು ಬಹುಮಟ್ಟಿಗೆ ಲ್ಯಾಕ್ಟೇಟ್ ಮಾಡಿ ಬಿಸುಡುತ್ತದೆ ಎಂಬುದು 1920ರ ದಶಕದ ವಾರ್‌ಬುರ್ಗರ ಕಾಲದಿಂದ ಬಂದ ಎಣಿಕೆ. ಆದರೆ 2016 ಮತ್ತು 2017ರ ಅವರ ಲೇಖನಗಳ ಪ್ರಕಾರ ಆ ಗಂತಿಗಳು ಗ್ಲೂಕೋಸನ್ನು ಪೂರ್ತಿಯಾಗಿ ಉರಿಸುತ್ತಲೂ ಇದ್ದುವು, ಲ್ಯಾಕ್ಟೇಟನ್ನು ಇಂಧನವಾಗಿ ಒಳಕ್ಕೆಳೆದುಕೊಳ್ಳುತ್ತಲೂ ಇದ್ದುವು. ಲ್ಯಾಕ್ಟೇಟಿನ ಮೊತ್ತವನ್ನಷ್ಟೇ ಅಳೆದಿದ್ದರೆ ಇದು ಎಂದಿಗೂ ಹೊರಬೀಳುತ್ತಿರಲಿಲ್ಲ.

ನೆಲೆ ಮತ್ತು ಗತಿ ಎರಡನ್ನೂ ಒಂದೇ ಪ್ರಯೋಗದಲ್ಲಿ ಹಿಡಿಯುವ ಯತ್ನವನ್ನು ಪ್ರಿನ್ಸ್‌ಟನ್ನಿನ ರಾಬಿನೋವಿಟ್ಸ್ ಅವರ ತಂಡ 2022ರಲ್ಲಿ ಪ್ರಕಟಿಸಿತು. ಗುರುತಿನ ಪರಮಾಣುಗಳನ್ನು ಇಲಿಗಳ ರಕ್ತಕ್ಕೆ ಹರಿಸಿ, ಮೂತ್ರಪಿಂಡದ ತೆಳುಪದರವನ್ನು ಲೇಸರಿನಿಂದ ಚಿತ್ರಿಸಿದಾಗ, ಹೊರಭಾಗವು ಗ್ಲೂಕೋಸನ್ನು ಕಟ್ಟುತ್ತಿದ್ದುದೂ ಒಳಭಾಗವು ಅದನ್ನೇ ಒಡೆಯುತ್ತಿದ್ದುದೂ ಒಂದೇ ಚಿತ್ರದಲ್ಲಿ ಅಕ್ಕಪಕ್ಕದಲ್ಲಿಯೇ ಕಂಡುಬಂದುವು. ಇಡೀ ಅಂಗವನ್ನು ಅರೆದಿದ್ದರೆ ಈ ಎರಡು ವಿರುದ್ಧ ಕಾರ್ಯಗಳು ಒಂದನ್ನೊಂದು ಮರೆಸಿಬಿಡುತ್ತಿದ್ದುವು. ಮಿದುಳಿನಲ್ಲಿಯೂ, ಪಿಷ್ಟವನ್ನು ಕಡಮೆ ಮಾಡಿ ಕೊಬ್ಬನ್ನು ಹೆಚ್ಚಿಸಿದ ಆಹಾರವನ್ನಿತ್ತಾಗ, ಇಂಧನದ ಆಯ್ಕೆ ಭಾಗದಿಂದ ಭಾಗಕ್ಕೆ ತರತಮವಾಗಿ ಬದಲಾಗುವುದು ತೋರಿತು. ಆ ವ್ಯತ್ಯಾಸದಲ್ಲಿ ನರಕೋಶಗಳ ಪಾಲೆಷ್ಟು, ಅವುಗಳಿಗೆ ಆಸರೆಯಾಗಿರುವ ಕೋಶಗಳ ಪಾಲೆಷ್ಟು ಎಂಬುದನ್ನು ನಿರ್ಣಯಿಸಬೇಕಾದರೆ ಲೇಸರಿನ ಬಿಂದು ಇನ್ನೂ ಕಿರಿದಾಗಬೇಕು, ಅಷ್ಟು ಕಿರಿದಾದ ಎಡೆಯಿಂದ ಬರುವ ಅಣುಗಳನ್ನು ಎಣಿಸಬಲ್ಲಷ್ಟು ಯಂತ್ರವೂ ಸೂಕ್ಷ್ಮವಾಗಬೇಕು.