ಅಂಕ ಕೊಟ್ಟ ಹಾಗೆ ಕೋಳಿ

ನಾಟಿ ಕೋಳಿ ಸಾಕೋರೆಲ್ಲ ಹುಂಜ ಆರಿಸುವಾಗ ಒಂದು ಹಳೇ ಕಥೆ ನೆನಪಿಟ್ಕೊಳ್ಳಿ.

ಇಂಗ್ಲೆಂಡಿನಲ್ಲಿ 1835ರಲ್ಲಿ ಕೋಳಿ ಜಗಳಕ್ಕೆ ನಿಷೇಧ ಬಂತು. 1845ರಲ್ಲಿ ಲಂಡನ್ ಮೃಗಾಲಯದಲ್ಲಿ ಕೋಳಿ ಪ್ರದರ್ಶನ ನಡೀತು. ಆಮೇಲೆ ಊರೂರಲ್ಲಿ ಪ್ರದರ್ಶನ ಶುರು. ಯಾವುದು ಒಳ್ಳೇ ಕೋಳಿ ಅನ್ನೋಕೆ ಒಂದು ಅಳತೆ ಬೇಕಲ್ಲ? 1865ರಲ್ಲಿ ತಳಿವಾರು ಲಕ್ಷಣ ಬರೆದ ಪುಸ್ತಕ ಅಚ್ಚಾಯ್ತು. ಅಮೆರಿಕದವರು 1874ರಲ್ಲಿ ತಮ್ಮದು ಮಾಡಿಕೊಂಡರು. ಜುಟ್ಟು, ಪುಕ್ಕದ ಬಣ್ಣ, ಕಾಲು, ನಿಲುವು, ಎಲ್ಲಕ್ಕೂ ಅಂಕ. ಪಂಜರದಲ್ಲಿ ನಿಂತ ಕೋಳಿ ಎಷ್ಟು ಮೊಟ್ಟೆ ಇಡ್ತದೆ ಅಂತ ಕಣ್ಣಿಗೆ ಕಾಣಲ್ಲ. ಹಾಗಾಗಿ ಅಂದ ಗೆಲ್ತಾ ಹೋಯ್ತು.

ನಮ್ಮ ದೇಶದ ಅಸೀಲ್ ಹುಂಜಗಳೂ ಅಲ್ಲಿಗೆ ಹೋದವು. ಅವುಗಳ ಬೆರಕೆಯಿಂದ ಕಾರ್ನ್‌ವಾಲ್ ಸೀಮೆಯಲ್ಲಿ ಅಗಲ ಎದೆಯ ಕಾರ್ನಿಷ್ ತಳಿ ಹುಟ್ಟಿತು.

1948ರಲ್ಲಿ ಅಮೆರಿಕದ ‘ನಾಳೆಯ ಕೋಳಿ’ ಸ್ಪರ್ಧೆಯಲ್ಲಿ ಅಳತೆಯೇ ಬದಲಾಯ್ತು. ಪುಕ್ಕಕ್ಕಲ್ಲ, ಎದೆ ಮಾಂಸಕ್ಕೆ, ಬೇಗ ಬೆಳೆಯೋದಕ್ಕೆ ಬೆಲೆ. ಗೆದ್ದದ್ದು ಚಾರ್ಲ್ಸ್ ವ್ಯಾನ್‌ಟ್ರೆಸ್ ಅವರ ಕಾರ್ನಿಷ್ ಬೆರಕೆ. ಈಗಿನ ಬ್ರಾಯ್ಲರ್‌ಗೆ ದಾರಿಯಾದದ್ದು ಅದೇ. ಅಂದ್ರೆ ಫಾರಂ ಕೋಳಿ ಮೈಯಲ್ಲೂ ಅಸೀಲ್ ರಕ್ತ ಇದೆ.

ಯಾವುದಕ್ಕೆ ಅಂಕ ಕೊಡ್ತೀವೋ ಅದು ಬೆಳೀತದೆ, ಮಿಕ್ಕಿದ್ದು ಸವೀತದೆ. ಕರ್ನಾಟಕ, ಆಂಧ್ರದ ಘಾಗಸ್ ಕೋಳಿ ಸರ್ಕಾರದ ತಳಿ ಪಟ್ಟಿಯಲ್ಲಿದೆ. ಕಾವಿಗೆ ಕೂರೋದು, ಮರಿ ಸಾಕೋದು ಅದರ ದೊಡ್ಡ ಗುಣ. ಬರೀ ಎತ್ತರ, ಬಣ್ಣ ನೋಡಿ ಹುಂಜ ಬಿಟ್ಟರೆ ಆ ಗುಣ ಉಳಿಯಲ್ಲ. ಅದರ ತಾಯಿ ಎಷ್ಟು ಮರಿ ಎಬ್ಬಿಸ್ತು, ಎಷ್ಟು ಉಳಿಸ್ತು ಅಂತ ಕೇಳಿ, ಬರೆದಿಡಿ. ನಮ್ಮ ಅಂಕಪಟ್ಟಿ ಅಲ್ಲಿಂದ ಶುರುವಾಗಲಿ.