ಬಾಗಿಲಿಗೇ ಬರುವ ಸುದ್ದಿ

ಕಾಗದ ಬಂತಾ ಅಂತ ದಿನಾ ಪೋಸ್ಟಾಫೀಸಿಗೆ ಅಲೆಯೋದು ಒಂದು ರೀತಿ. ವಿಳಾಸ ಕೊಟ್ಟು ಮನೇಲೇ ಕೂತಿರೋದು ಇನ್ನೊಂದು. ಕಂಪ್ಯೂಟರುಗಳ ನಡುವೆಯೂ ಇದೇ ಕಥೆ ನೋಡಿ.

ಒಂದು ತಾಣದಲ್ಲಿ ಹೊಸತೇನಾದರೂ ಆಯಿತಾ ಅಂತ ಇನ್ನೊಂದು ಪ್ರೋಗ್ರಾಂ ಪದೇ ಪದೇ ಕೇಳಬೇಕಿತ್ತು. ಬಹಳ ಸಲ ಉತ್ತರ, 'ಏನೂ ಇಲ್ಲ'. ಸುದ್ದಿ ಇದ್ದಾಗ ತಾಣವೇ ಬಂದು ಹೇಳಲಿ ಅನ್ನುವ ಉಪಾಯಕ್ಕೆ 2007ರಲ್ಲಿ ಜೆಫ್ ಲಿಂಡ್ಸೆ ಎಂಬ ಪ್ರೋಗ್ರಾಮರ್ 'ವೆಬ್‌ಹುಕ್' ಅಂತ ಹೆಸರಿಟ್ಟರು. ಹಣ ಸಂದಾಯವಾದ ಸುದ್ದಿಯನ್ನು ಪೇಪಾಲ್ ಅದಕ್ಕೂ ಮೊದಲೇ ಹೀಗೆ ಮುಟ್ಟಿಸುತ್ತಿತ್ತು. ಈ ಹೆಸರು ಮಾತ್ರ ಇರಲಿಲ್ಲ. 2008ರಲ್ಲಿ ಶುರುವಾದ ಗಿಟ್‌ಹಬ್ ಇದನ್ನು ಪ್ರೋಗ್ರಾಮರುಗಳಿಗೆ ರೂಢಿ ಮಾಡಿಸಿತು.

ಆಮೇಲೆ ಫಿಗ್ಮಾದಂಥ ವಿನ್ಯಾಸದ ತಾಣಗಳಿಗೂ ಬಂತು. ಕಡತ ಬದಲಾದರೆ, ಯಾರಾದರೂ ಟಿಪ್ಪಣಿ ಬರೆದರೆ, ಕೊಟ್ಟ ವಿಳಾಸಕ್ಕೆ ಸುದ್ದಿ ಹೋಗುತ್ತೆ. ತೊಂದರೆ ಏನಪ್ಪಾ ಅಂದ್ರೆ, ವಿಳಾಸ ಕೊಟ್ಟಿದ್ದೇ ಮರೆತುಹೋಗುತ್ತೆ. ಕೊಟ್ಟವರು ಕೆಲಸ ಬಿಟ್ಟು ಹೋದ ಮೇಲೂ ಒಳಗಿನ ಸುದ್ದಿ ಎಲ್ಲಿಗೋ ಹೋಗ್ತಾನೇ ಇರಬಹುದು! ಅದಕ್ಕೇ ಫಿಗ್ಮಾ ಎಪಿಐಯಲ್ಲಿ ಒಂದು ಪುಟ್ಟ 'ಗೆಟ್' ಕೋರಿಕೆ ಇದೆ. ವೆಬ್‌ಹುಕ್‌ನ ಐಡಿ ಕೊಟ್ಟರೆ, ಅದು ಯಾವ ಘಟನೆಗೆ, ಯಾವ ವಿಳಾಸಕ್ಕೆ, ಚಾಲ್ತಿಯಲ್ಲಿದೆಯೋ ಇಲ್ಲವೋ, ಎಲ್ಲ ಹೇಳುತ್ತೆ.

ಕೇಳುವ ಕಷ್ಟ ತಪ್ಪಲಿ ಅಂತ ಬಂದದ್ದು ವೆಬ್‌ಹುಕ್. ಆದರೂ ಆಗಾಗ ಇದೊಂದನ್ನು ಕೇಳಿ ನೋಡಲೇಬೇಕು.